ನೀಲಿದಾರದ ಹೆಸರಿನ್ಯಾಗ

ಬನಹಟ್ಟಿ,
೧೯ ನವೆಂಬರ್ ೨೦೨೪, ಮಂಗಳವಾರ

ನನ್ನವ್ವಾ ಉಜ್ವಲಾ,

ಆರಾಮ ಅದಿ ಏನು? ಮೊದಲ ಅದನ್ನ ಹೇಳು, ಉಳಿದಿದ್ದು ಆಮೇಲೆ. ಕೊಲ್ಲಾಪುರದಾಗ ನಮ್ಮ ಕಡೆಗಿಂತ ಥಂಡಿ ಜಾಸ್ತಿ ಅಂತಾರ. ಚಳಿಗಾಲ ಬಂತಂದ್ರ ನಿನ್ನ ಗಂಟಲ ಕಟ್ಟತಿತ್ತು, ಈಗೂ ಹಂಗೇ ಅದ ಏನು? ಬಿಸಿ ಹಾಲಿಗೆ ಅರಿಷಿಣ ಹಾಕ್ಕೊಂಡು ಕುಡಿ. ಹಾಸ್ಟೇಲಿನ್ಯಾಗ ಜ್ವಾಳದ ರೊಟ್ಟಿ ಸಿಗತಾವೋ, ಬರೇ ಚಪಾತಿ ಮ್ಯಾಲೆ ದಿನಾ ದೂಡಾಕತ್ತಿಯೋ. ನೀ ದಪ್ಪ ಆಗೀಯೋ ಸೊರಗೀಯೋ ಅಂತ ಕಣ್ಣಮುಚ್ಚಿ ನೋಡತೇನಿ, ಮೂರು ವರ್ಷದ ಹಿಂದಿನ ಮಾರಿ ಬಿಟ್ಟ ಬ್ಯಾರೆ ಮಾರಿ ಬರಂಗಿಲ್ಲ. ಏನ ಮಾಡಲಿ.

ಈ ವಿಳಾಸ ನನಗ ರಂಜನಾ ಕೊಟ್ಟಳು. ನಿನ್ನ ಗೆಳತಿ ಮ್ಯಾಲೆ ಸಿಟ್ಟ ಮಾಡ್ಕೋಬ್ಯಾಡವ್ವಾ. ಅಕಿ ಮುಧೋಳಕ್ಕ ಸೊಸಿಯಾಗಿ ಹೋದಾಗಿಂದ ನಾ ಫೋನಿನ್ಯಾಗ ಎಷ್ಟ ಸಲ ಕೇಳಿದರೂ ನನಗೇನೂ ಗೊತ್ತಿಲ್ರಿ ಕಾಕೂ ಅಂತನೇ ಅಂತಿದ್ದಳು. ಈ ಸಲ ನಾ ಹೇಳಿದ್ದು ಕೇಳಿ ಅತ್ತಳು. ಅತ್ತು, ಫೋನ್ ನಂಬರ ಕೊಡಂಗಿಲ್ಲ, ಪತ್ರ ಬರೀರಿ, ವಿಳಾಸ ಯಾರಿಗೂ ಹೇಳಬಾರದು, ಮನಿಯವರು ಯಾರೂ ಬಾಗಿಲಿಗೆ ಹೋಗಬಾರದು ಅಂತ ನನ್ನ ಕಡಿಂದ ಮಾತ ತಗೊಂಡು ಬರದ ಕೊಟ್ಟಳು. ನಾ ಆ ಮಾತ ಮೀರಂಗಿಲ್ಲ. ಯಾಕ ಹೋದಿ ಅಂತ ಕೇಳಾಕೂ ಈ ಪತ್ರ ಬರಿಯಾಕತ್ತಿಲ್ಲ. ಗೊತ್ತು ಮಾಡಿದ ಸಂಬಂಧ ನಿನಗ ಬ್ಯಾಡಾಗಿತ್ತು, ನೀ ಹೋದಿ. ಅಷ್ಟು ನನಗ ತಿಳದದ. ಈಗ ಬರಿಯೂದು ನಿಮ್ಮಪ್ಪನ ಸಲುವಾಗಿ. ಅದನ್ನ ಬುಡದಿಂದ ಹೇಳದಿದ್ರ ನಿನಗ ತಿಳಿಯಂಗಿಲ್ಲ, ಅದಕ್ಕ ಪತ್ರ ಉದ್ದ ಆಗತದ. ಬೇಜಾರ ಮಾಡ್ಕೋದ ಓದು.

ಮನ್ಯಾಗ ಆಯಿ ಗಟ್ಟಿ ಅದಾರ. ಕಿವಿ ಪೂರಾ ಹೋಗ್ಯಾವ. ಅವರ ಲೆಕ್ಕದಾಗ ಮೊಮ್ಮಗಳು ನೀ ಇನ್ನೂ ಜಮಖಂಡಿ ಕಾಲೇಜಿನ ಹಾಸ್ಟೇಲಿನ್ಯಾಗ ಅದಿ, ಪರೀಕ್ಷಾ ಮುಗಿದ ಕೂಡ್ಲೇ ಬರಾಕಿ. ನಾವು ತಿದ್ದಾಕ ಹೋಗಿಲ್ಲ. ಮಗ್ಗ ನಡದಾವ. ನಾ ಮೊದಲಿನ ಗತೆ ಕಂಡಿಕಿಗೆ ದಾರ ಸುತ್ತತೇನಿ, ನಿಮ್ಮಪ್ಪ ಸೀರಿ ನೇಯ್ತಾರ. ಹೊರಗಿನವರಿಗೆ ಎಲ್ಲಾ ಮೊದಲಿನ ಗತೆನೇ ಕಾಣತದ.

ನೀ ಹೋದ ಮ್ಯಾಲೆ ನಿಮ್ಮಪ್ಪ ಪೋಲೀಸರ ಕಡೆ ಹೋದ್ರು, ಬಸ್‌ಸ್ಟ್ಯಾಂಡ ಸುತ್ತಿದ್ರು, ಬೀಳಗಿಯೊಳಗಿನ ನಿನ್ನ ಗೆಳತ್ಯಾರ ಮನಿಗೂ ಹೋಗಿ ಬಂದ್ರು. ಆಮೇಲೆ ಒಂದಿನ ಚಿಕ್ಕಪಡಸಲಗಿ ಬ್ಯಾರೇಜಿನ ಹತ್ರ ಹೊಳ್ಯಾಗ ಒಂದು ಹುಡಿಗಿ ಹೆಣ ಸಿಕ್ಕದ, ಗುರುತ ಹಿಡಿಯಾಕ ಬರ್ರಿ ಅಂತ ಫೋನ್ ಬಂತು. ನಾನೂ ಬರತೇನಿ ಅಂದ್ರ ಬ್ಯಾಡ ಅಂದು ಒಬ್ಬರೇ ಹೋದ್ರು. ಸಂಜಿಕ ಬಂದು ಬಚ್ಚಲಕ ಹೋಗಿ ತಲಿ ಮ್ಯಾಲೆ ನೀರ ಹಾಕ್ಕೊಂಡ್ರು. ಹೊರಗ ಬಂದು, ನಮ್ಮಾಕಿ ಅಲ್ಲ, ಅಂದ್ರು. ಆಗಿಂದ ಇವತ್ತಿನ ತನಕ ಅವರ ಬಾಯಾಗ ನಿನ್ನ ಹೆಸರ ಬಂದಿಲ್ಲ. ನಾ ಎತ್ತಿದ್ರ ಎದ್ದು ಮಗ್ಗದ ಮನಿಗೆ ಹೋಗಿ ಬಿಡತಿದ್ರು. ಆ ಹುಡಿಗಿ ಯಾರ ಮಗಳೋ, ಅಕೀ ಮಾರಿ ನೋಡಿ ಬಂದ ಮನಿಶಾ ಏನ ಕಂಡ ಬಂದಾರೋ, ನನಗ ಇಂದಿಗೂ ಹೇಳಿಲ್ಲ.

ನಮ್ಮ ಗುರುವಾರ ನೆನಪ ಅದಾವಲ್ಲ? ಫೋನಿನ್ಯಾಗಿನ ಆ ಕಥಿ, ‘ಹೊನ್ನಗಿರಿಯ ಕಾವಲು’, ವಾರಕ್ಕೊಂದು ಕಂತು. ಕರೆಂಟ ಹೋಗಿ ಮಗ್ಗ ನಿಂತವಂದ್ರ ನೀ ಜೋರಲೇ ಓದಾಕಿ. ನಿಮ್ಮಪ್ಪ ಪಡಸಾಲ್ಯಾಗ ಕಾಲ ಚಾಚಿ ಕುಂತು, ಹೊನ್ನಗಿರಿ ಕೋಟಿ ಕಾಯೂ ಆ ಕೇತಕಿ ಹೆಂಗ ಯುದ್ಧಾ ಮಾಡಬೇಕಿತ್ತು ಅಂತ ತಾವೇ ಸೇನಾಪತಿ ಆದಂಗ ಹೇಳವರು. ಬಾಗಲಾ ಮುಚ್ಚಿ ಹಿಂದಿನ ಕಿಂಡ್ಯಾಗಿಂದ ಬಾಣಾ ಬಿಡಬೇಕಿತ್ತು, ಮಂತ್ರಾ ಹಾಕಿ ಬೆಂಕಿ ಹಚ್ಚಬೇಕಿತ್ತು ಅಂತ. ಆಗ ನೀ ಕೈ ಎತ್ತಿ ಅನ್ನಾಕಿ: “ಅದಿರ್ಲಿ, ಮೊದಲ ನಿಯಮ ಹೇಳು.” ಯಾವ ಮಂತ್ರಕ್ಕ ಏನ ಕಳಕೋಬೇಕು, ಯಾವುದು ಯಾರ ಮ್ಯಾಲೆ ನಡೀತದ, ಅದನ್ನ ಹೇಳಿ ಆಮೇಲೆ ಯುದ್ಧದ ಮಾತ ಆಡ್ರಿ ಅಂತ. ಅಪ್ಪ ಮಗಳ ಜಗಳಾ ಕೇಳಿ ಆಯಿ, ಇವರಿಬ್ಬರೂ ಯಾವ ಊರಿನ ಸುದ್ದಿ ಮಾತಾಡಾಕತ್ತಾರ ಬೇ ಅಂತ ನನ್ನ ಕೇಳತಿದ್ರು. ನಾ ಕಂಡಿಕಿ ಸುತ್ತಕೋಂತ ಸುಮ್ಮನ ಕೇಳತಿದ್ನಿ. ಒಳಗೊಳಗ ನಾನೂ ಒಂದು ಪಕ್ಷ ಹಿಡಿದಿರತಿದ್ನಿ, ನಿನಗದು ಗೊತ್ತಿರಲಿಲ್ಲ.

ನೀ ಹೋಗಿ ಒಂದು ವರ್ಷ ನಾ ಆ ಕಥಿ ಮುಟ್ಟಲಿಲ್ಲ. ಮುಂದೊಂದಿನ ನೀ ಬಿಟ್ಟು ಹೋದ ಫೋನ್ ಕಪಾಟಿನ್ಯಾಗಿಂದ ತಗದು ಚಾರ್ಜಿಗೆ ಹಚ್ಚಿದ್ನಿ. ಎಲ್ಲರ ನಿನ್ನ ಗುರುತ ಸಿಗತದೇನೋ ಅಂತ. ಏನೂ ಇರಲಿಲ್ಲ, ಎಲ್ಲಾ ಅಳಿಸಿ ಹೋಗಿದ್ದಿ. ಆ ಕಥಿ ಆ್ಯಪ್ ಒಂದ ಉಳಿದಿತ್ತು. ತಗದ್ರ ಕಥಿ ಇನ್ನೂ ನಡದಿತ್ತವ್ವಾ. ನನಗ ಅನಿಸಿತು, ಎಲ್ಲಾ ಬಿಟ್ಟಾಕಿ ಇದನ್ನ ಬಿಟ್ಟಿರಲಿಕ್ಕಿಲ್ಲ. ಜಗತ್ತಿನ ಯಾವುದೋ ಮೂಲ್ಯಾಗ ಕುಂತು ಗುರುವಾರ ಸಂಜಿಕ ನೀ ಇದನ್ನ ಓದತಿರಬೇಕು. ಅದಕ್ಕ ನಾನೂ ಓದಾಕ ಹತ್ತಿದ್ನಿ. ಕಥಿ ಕೆಳಗ ಓದುವವರೆಲ್ಲಾ ಬ್ಯಾರೆ ಬ್ಯಾರೆ ಹೆಸರ ಇಟ್ಟುಕೊಂಡು ವಾದಾ ಮಾಡತಿದ್ರು. ನಾನೂ ಒಂದು ಹೆಸರ ಮಾಡ್ಕೊಂಡ್ನಿ, ‘ನೀಲಿದಾರ’ ಅಂತ. ಆವತ್ತ ನನ್ನ ಕೈಯಾಗ ನೀಲಿ ದಾರದ ಕಂಡಿಕಿ ಇತ್ತು, ಅಷ್ಟೇ. ನಿನ್ನಂಗ ಬರದ್ರ ನೀ ಗುರುತ ಹಿಡದು ಮಾತಾಡಸ್ತಿಯೇನೋ ಅಂತ ಆಸೆ. ಕೇತಕಿ ಮಂತ್ರದ ಬಗ್ಗೆ ಯಾರರ ಏನರ ಅಂದ್ರ ನಾ ಬರಿಯಾಕಿ: ಅದಿರ್ಲಿ, ಮೊದಲ ನಿಯಮ ಹೇಳು.

ಹೋದ ವರ್ಷ ಬ್ಯಾಸಗ್ಯಾಗ ಅಲ್ಲಿ ಒಂದು ಹೊಸಾ ಹೆಸರ ಬಂತು. ‘ಲಾಳಿ’. ಕೇತಕಿ ಸೈನ್ಯಾ ಕರಕೊಂಡು ಹೊಳಿ ದಾಟೂ ಕಂತದು. ನೀರ ಹೆಪ್ಪುಗಟ್ಟಿಸೂ ಮಂತ್ರ ಗೊತ್ತಿದ್ದೂ ಅಕಿ ಬಳಸಲಿಲ್ಲ, ಸುತ್ತುಹಾಕಿ ಹೋಗಿ ಹೊತ್ತ ಕಳದಳು, ದಡ್ಡಿ, ಅಂತ ಎಲ್ಲಾರೂ ಬೈಯಾಕತ್ತಿದ್ರು. ಆಗ ಲಾಳಿ ಬರೀತು: “ಅದಿರ್ಲಿ, ಮೊದಲ ನಿಯಮ ಹೇಳ್ರಿ. ಆ ಮಂತ್ರಾ ಹಾಕಿದ್ರ ಮಳಿಗಾಲ ಮುಗಿಯೂ ತನಕ ಅಕೀ ದನಿ ಹೋಗತದ. ದನಿ ಇಲ್ಲದ ಸೇನಾಪತಿ ಯಾರನ್ನ ಕರೀತಾಳ? ಹೊತ್ತ ಹೋದ್ರ ಹೋಗಲಿ, ಕರಿಯೂ ದನಿ ಹೋಗಬಾರದು.” ಮಗ್ಗದಾಗ ಓಡೂ ಲಾಳಿಯ ಹೆಸರ ನೇಕಾರ ಮನಿಯವರ ಬಿಟ್ಟು ಯಾರ ಇಟ್ಟಕೋತಾರ? ಮಾತಂತೂ ನಿಂದೇ. ನಾ ಎದ್ದು ದೇವರಿಗೆ ದೀಪಾ ಹಚ್ಚಿ ಬಂದ್ನಿ. ನಿಮ್ಮಪ್ಪ, ಇವತ್ತೇನ ಅಮಾಸಿ ಏನು, ಅಂತ ಕೇಳಿದ್ರು. ಏನಿಲ್ರಿ ಅಂದ್ನಿ. ಅವರ ಮುಂದ ಕಥಿ ಹೆಸರ ಎತ್ತೂದೂ ನಿನ್ನ ಹೆಸರ ಎತ್ತೂದೂ ಒಂದೇ ಆಗಿತ್ತು.

ಆಮೇಲೆ ವಾರಾ ವಾರಾ ನಾ ಲಾಳಿ ಜೋಡಿ ವಾದಾ ಮಾಡಿದ್ನಿ. ಎಂಥಾ ಸುಖಾ ಅದು, ಹೆಂಗ ಹೇಳಲಿ. ಮಗಳ ಜೋಡಿ ಜಗಳಾ ಆಡಿದಂಗ. ನೀ ಯಾರು ಅಂತ ನಾ ಕೇಳಲಿಲ್ಲ, ಕೇಳಿದ್ರ ಗುಬ್ಬಿ ಹಾರಿ ಹೋದಂಗ ಹೋದೀ ಅಂತ ಭಯಾ. ಲಾಳಿನೂ ಕೇಳಲಿಲ್ಲ. ಒಂದಿನ ಲಾಳಿ ಮಾತಿನ ನಡುವ ಬರೀತು: “ಕರೆಂಟ ಬಂತು, ಹೋಗತೇನಿ.” ಅದ ಹೊತ್ತಿಗೆ ನಮ್ಮ ಮನ್ಯಾಗೂ ಕರೆಂಟ ಬಂತು, ಓಣಿ ತುಂಬ ಮಗ್ಗ ಸುರುವಾದ್ವು. ನಾ ಕಂಡಿಕಿ ಕೆಳಗ ಬಿಟ್ಟು ನಿಂತ ಬಿಟ್ನಿ. ಅಂದ್ರ ನೀ ಇದ ಊರಾಗ ಅದಿ! ಇಲ್ಲಾ ಬಾಜೂಕಿನ ರಬಕವಿಯಾಗ ಅದಿ! ಮರುದಿನದಿಂದ ನಾ ಬಾಜಾರದ ನೆಪಾ ಮಾಡಿ ರಬಕವಿ ಓಣಿ ಓಣಿ ತಿರಗಿದ್ನಿ. ಮಾಳಗಿ ಮ್ಯಾಲೆ ಬಟ್ಟಿ ಒಣಗಹಾಕೂ ಹುಡಿಗ್ಯಾರ ಬೆನ್ನ ನೋಡತಿದ್ನಿ. ಒಂದು ಮನಿ ಮುಂದ ಬಾಳೊತ್ತ ನಿಂತಿದ್ದಕ್ಕ ಅಲ್ಲಿ ಮುದುಕಿ ಯಾರ ಬೇಕಾಗಿತ್ತವ್ವಾ ಅಂತ ಕೇಳಿದಳು. ಮನಿ ತಪ್ಪೇನ್ರಿ ಅಂದು ಮುಂದ ನಡದ್ನಿ. ರಂಜನಾನ ಕಡೆ ಮೊದಲನೇ ಸಲ ಮುಧೋಳಕ್ಕ ಹೋಗಿದ್ದು ಆವಾಗ. ಅಕಿ ಮಾರಿ ತಿರುವಿ ಗೊತ್ತಿಲ್ಲ ಅಂದಿದ್ದಳು.

ಈ ವರ್ಷ ಶ್ರಾವಣದಾಗ ಒಂದು ಸಂಜಿ. ಮಳಿ ಹನಿ ಹತ್ತಿತ್ತು, ಕರೆಂಟ ಹೋಗಿತ್ತು. ನಿಮ್ಮಪ್ಪಗ ಚಹಾ ಒಯ್ಯಾಕ ಮಗ್ಗದ ಮನಿಗೆ ಹೋದ್ನಿ. ಫೋನ್ ನನ್ನ ಸೊಂಟದಾಗ ಸಿಗಿಸಿಕೊಂಡಿದ್ನಿ. ಅವರು ನನಗ ಬೆನ್ನ ಮಾಡಿ ಮಗ್ಗದ ಬಾಜೂಕ ಕುಂತಿದ್ರು, ಫೋನ್ ಬಾಯಿ ಹತ್ರ ಹಿಡದು, ಸಣ್ಣ ಹುಡಗರಿಗೆ ಅಕ್ಷರಾ ಹೇಳಿಕೊಟ್ಟಂಗ ಒಂದೊಂದೇ ಮಾತ ಬಿಡಿಸಿ ಹೇಳಾಕತ್ತಿದ್ರು. ಟೈಪ್ ಮಾಡಾಕ ಬರಂಗಿಲ್ಲಲ್ಲ, ಮಾತಾಡಿದ್ರ ಬರಕೋತದ. “ಕೇತಕಿ... ತಪ್ಪು... ಮಾಡಿಲ್ಲವ್ವಾ... ಅಕೀ ಜಾಗಾದಾಗ... ನೀ ಇದ್ದಿದ್ರೂ... ಹಂಗ ಮಾಡತಿದ್ದಿ.” ಹೇಳಿ ಮುಗಿಸಿ ಬೆರಳ ಒತ್ತಿದ್ರು. ನನ್ನ ಸೊಂಟದಾಗ ಫೋನ್ ನಡಗಿತು. ತಗದು ನೋಡಿದ್ರ ಲಾಳಿ ಬರದಿತ್ತು. ಅದ ಮಾತು, ಒಂದಕ್ಷರ ಆಕಡೆ ಈಕಡೆ ಇಲ್ಲದಂಗ.

ಲಾಳಿ ಯಾವಾಗ್ಲೂ ಕರೆಂಟ ಹೋದಾಗ ಮಾತ್ರ ಬರೀತಿತ್ತು, ಮಗ್ಗದ ಸಪ್ಪಳದಾಗ ಆ ಫೋನಿಗೆ ಮಾತ ಕೇಳಸಂಗಿಲ್ಲ ಅಂತ. ಅದು ನನಗ ಹೊಳಿಯಾಕ ಅಷ್ಟ ದಿನಾ ಬೇಕಾದ್ವು. ನಾ ಸಪ್ಪಳಾ ಮಾಡದ ಹಿಂದಕ್ಕ ಬಂದು ಅಡಗಿಮನ್ಯಾಗ ಕುಂತ್ನಿ. ಚಹಾ ಆರಿ ಕೆನಿ ಕಟ್ಟಿತು. ಮಗಳು ಎರಡನೇ ಸಲ ಹೋದಳು ಅನಿಸಿತು. ಮೊದಲನೇ ಸಲ ಹೋದಾಗ ಮನಿಯಿಂದ ಹೋಗಿದ್ದಿ, ಈಗ ನನ್ನ ಕೈಯಾಗಿಂದ ಹೋದಿ. ಆಮೇಲೆ ಹಳೇ ಮಾತೆಲ್ಲಾ ತಗದು ಮತ್ತ ಓದಿದ್ನಿ. ಲಾಳಿ ನೀಲಿದಾರಕ್ಕ ಬರದಿದ್ದು ಒಂದೊಂದೇ. ಥಂಡಿ ಬಿದ್ದದ, ಹುಷಾರ. ಹಬ್ಬಕ್ಕ ಹೋಳಿಗಿ ತಿಂದ್ಯಾ? ನಿನ್ನ ವಾದಾ ಕೇಳಿದ್ರ ನಮ್ಮ ಮನಿ ನೆನಪಾಗತದ. ಇದನ್ನೆಲ್ಲಾ ಮಗಳು ನನಗ ಬರದಾಳ ಅಂತ ತಿಳಕೊಂಡು ನಾ ಎದಿಗೆ ಹಚ್ಚಿಕೊಂಡಿದ್ನಿ. ಈಗ ತಿಳೀತು. ಅವರು ಮಗಳಿಗೆ ಬರದಿದ್ರು. ನನ್ನನ್ನ ನೀನು ಅಂತ ತಿಳಕೊಂಡಾರ.

ಅವತ್ತ ಹೇಳಿಬಿಡಬೇಕಾಗಿತ್ತು ಅಂತ ನೀ ಅಂದೀ. ಹೇಳಾಕ ಅಂತ ಮರುದಿನ ಮುಂಜಾನಿ ಎದ್ನಿ. ಅವರು ಬಚ್ಚಲದಾಗ ಹಾಡ ಗುಣಗುಣಿಸಾಕತ್ತಿದ್ರು. ಉಜ್ವಲಾ, ಆ ಹೆಣಾ ನೋಡಿ ಹೊಳೀ ದಂಡಿಂದ ಬಂದ ಮನಿಶಾ ಹಾಡ ಅಂತಾರ ಅಂದ್ರ ನಾ ಏನ ಅಂತ ಬಾಯಿ ತಗೀಲಿ? ಮತ್ತೊಂದು ರೊಟ್ಟಿ ಹಾಕಸ್ಕೊಂಡು ಉಂಡ್ರು. ಆಯಿ ಜೋಡಿ ಕೈಸನ್ನಿಲೇ ಚಾಷ್ಟಿ ಮಾಡಿದ್ರು. ಬಾಜೂ ಓಣಿ ಹಣಮವ್ವ, ಏನ ಯಲ್ಲಕ್ಕ, ಪ್ರಭಣ್ಣ ಭಾಳ ಖುಷಿಲೇ ಅದಾನಲ್ಲ ಈಗೀಗ, ಅಂದಳು. ನಾ ಹೇಳಲಿಲ್ಲ. ಹೇಳದ ಇರೂದಷ್ಟೇ ಅಲ್ಲ, ನೀಲಿದಾರ ಆಗಿ ಮತ್ತ ಬರದ್ನಿ. ಅಡಗಿಮನ್ಯಾಗ ಕುಂತು ಗಂಡಗ ಮಗಳಾಗಿ ಬರದ್ನಿ. ಹೂಂ, ಹೋಳಿಗಿ ತಿಂದೆ. ಹೂಂ, ಆರಾಮ ಅದೇನಿ. ಬರದು ಕೈ ತೊಳಕೊಂಡು ಅವರಿಗೇ ಊಟಕ್ಕ ಬಡಸೂದು. ಅವರು ಉಣ್ಣುವಾಗ ಒಳಗೊಳಗ ನಗತಿದ್ರು. ಆ ನಗು ನೋಡಿ ನನಗ ಅಂಜಿಕಿ ಬರತಿತ್ತು. ಮನ್ಯಾಗ ನಾವು ಮೂರ ಮಂದಿ ಇದ್ದಂಗೂ ಇತ್ತು, ನಾಕ ಮಂದಿ ಇದ್ದಂಗೂ ಇತ್ತು. ಒಮ್ಮೊಮ್ಮೆ ಬರದಿದ್ದನ್ನ ತಿರುಗಿ ಓದಿದ್ರ ನನಗೇ ಅನಿಸೂದು, ಇದನ್ನ ನಾ ಬರದಿಲ್ಲ, ನೀನೇ ಬರದಿ.

ದಸರಾ ಮುಂದ ಕಥಿಯೊಳಗ ಕೇತಕಿ ಕೋಟಿ ಬಾಗಲಾ ತಗಿಯೂ ಕಂತು ಬಂತು. ನೀ ಓದಿದಿಯೋ ಇಲ್ಲೋ. ಮಾಂತ್ರಿಕ ಉಗ್ರದತ್ತ ನೆರಳಮಂತ್ರಾ ಹಾಕಿ, ಕೇತಕಿಯ ಕಳೆದು ಹೋದ ತಂಗಿಯ ನೆರಳ ಹೊತ್ತುಕೊಂಡು ಕೋಟಿ ಬಾಗಲಿಗೆ ಬಂದು ನಿಲ್ಲತಾನ. ಅಕ್ಕಾ ಅಂತಾನ. ಕೇತಕಿ ಅಗಳಿ ಸರಸತಾಳ. ಕೋಟಿ ಬೀಳತದ. ಓದುವವರೆಲ್ಲಾ ಸಿಡಿದೆದ್ದರು. ನೆರಳಮಂತ್ರದ ನಿಯಮ ಕಥ್ಯಾಗ ಮೊದಲೇ ಹೇಳ್ಯಾರ: ಯಾರು ಹಂಬಲಸ್ತಾರೋ ಅವರ ಕಣ್ಣಿಗಷ್ಟೇ ಅದು ಕಳಕೊಂಡವರಂಗ ಕಾಣತದ, ಉಳಿದವರಿಗೆ ಯಾರೋ ಪರದೇಶಿ. ಮತ್ತ, ಹಂಬಲಿಸೂ ಮನಿಶಾಗ ಮೊದಲ ಗೊತ್ತಿದ್ದ ಮಾತಷ್ಟೇ ಆ ನೆರಳು ಆಡಬಲ್ಲದು, ಹೊಸಾ ಮಾತ ಒಂದೂ ಹೇಳಾಕ ಬರಂಗಿಲ್ಲ. ಅಂದಮ್ಯಾಲೆ ಕೇತಕಿ ತನಗ ಗೊತ್ತಿಲ್ಲದ ಒಂದು ಪ್ರಶ್ನಿ ಕೇಳಿದ್ರ ಮುಗೀತಿತ್ತು! ಇಷ್ಟು ವರ್ಷ ಬಾಗಲಾ ಕಾಯ್ದಾಕಿಗೆ ಇಷ್ಟೂ ತಿಳೀಲಿಲ್ಲೇನು ಅಂತ ಒಬ್ಬಂವ. ‘ಮುಧೋಳ ಬೇಟೆನಾಯಿ’ ಅಂತ ಹೆಸರ ಇಟ್ಟಕೊಂಡಂವ ಇನ್ನೊಬ್ಬ, ಅವನ ವಾದಾ ಬ್ಯಾರೇನೇ: ಬಾಗಲಾಗ ನಾಯಿ ಕಟ್ಟಬೇಕಿತ್ತು, ನಾಯಿಗೆ ಯಾರ ಹಂಬಲಾನೂ ಇಲ್ಲ, ಅದಕ್ಕ ನೆರಳ ಕಾಣಂಗಿಲ್ಲ, ಕಳ್ಳ ಕಾಣತಾನ, ಬೊಗಳತದ. ಅದಕ್ಕ ಲಾಳಿ ಬರೀತು: “ನಾಯಿಗೂ ಹಂಬಲ ಇರತದೋ ತಮ್ಮಾ. ನಾ ನೋಡೇನಿ.” ಅದರ ಮ್ಯಾಲೆ ವಾರಗಟ್ಟಲೆ ಜಗಳಾ. ತಿಮ್ಮಾಪುರದ ನಾಯಿ ಸಾಕೂ ಕೇಂದ್ರಕ್ಕ ಹೋಗಿ ಕೇಳಿ ಬರತೇನಿ ಅಂತ ಬೇಟೆನಾಯಿ, ನಕ್ಕು ನಕ್ಕು ಸಾಕಾತು. ಕಡೀಕ ಯಾರೋ ಲಾಳಿನ್ನ ಒತ್ತಿ ಕೇಳಿದ್ರು, ಕೇತಕಿ ಯಾಕ ಪ್ರಶ್ನಿ ಕೇಳಲಿಲ್ಲ, ಅದಕ್ಕರ ಉತ್ತರಾ ಕೊಡು. ಲಾಳಿ ಕೊಡ್ತು: “ಕೇಳಿದ್ರ ಅದು ತಂಗಿ ಅಲ್ಲ ಅಂತ ಗೊತ್ತಾಗತಿತ್ತಲ್ಲ.”

ಅದನ್ನ ಓದಿ ನಾ ನಗೂದು ನಿಲ್ಲಿಸಿದ್ನಿ. ನಿಮ್ಮಪ್ಪ ನೀಲಿದಾರಕ್ಕ ಕೇಳಿದ್ದೆಲ್ಲಾ ನೆನಪ ಮಾಡ್ಕೊಂಡ್ನಿ. ಊಟ ಆತೇನು. ಆರಾಮ ಅದಿ ಏನು. ಹೂಂ ಅಂದ್ರ ಮುಗಿಯೂವಂಥಾವು. ಎಲ್ಲಿ ಅದಿ, ಯಾವ ಕೆಲಸಾ ಮಾಡತಿ, ಯಾರ ಜೋಡಿ ಇರತಿ, ಒಂದಿನಾನೂ ಕೇಳಿರಲಿಲ್ಲ.

ಆದ್ರೂ ದೀಪಾವಳಿ ಮುಗದ ಮ್ಯಾಲೆ ಒಂದು ಮಾತ ಬರದ್ರು. “ಬರೂ ರವಿವಾರ ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ಕುಂತಿರತೇನಿ. ಮಾತಾಡಸಬ್ಯಾಡ. ಮುಂದಿಂದ ಒಮ್ಮೆ ಹಾದು ಹೋಗು, ಸಾಕು.” ಬರಾಕ ಆಗಂಗಿಲ್ಲ, ಹೋಗಬ್ಯಾಡ್ರಿ, ಅಂತ ಬರದ್ನಿ. ಉತ್ತರಾ ಬರಲಿಲ್ಲ. ರವಿವಾರ ಮುಂಜಾನಿ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ್ರು. ಎಲ್ಲಿಗ್ರಿ ಅಂದ್ನಿ, ಹುನ್ನೂರಾಗ ಒಬ್ಬರನ್ನ ಕಾಣೂದದ ಅಂದ್ರು. ಹೋದ್ರು. ಆ ದಿನಾ ಹೆಂಗ ಕಳದ್ನೋ ನನಗ ಗೊತ್ತು. ಅವರನ್ನ ಹಿಂದ ಕರಕೊಂಡ ಬರಲ್ಯಾ ಅಂತ ಬಸ್ಸಿನ ತನಕ ಹೋಗಿ ತಿರುಗಿ ಬಂದ್ನಿ. ಹೋಗಿ ಏನ ಹೇಳಬೇಕಾಗಿತ್ತು? ಹೊತ್ತ ಮುಣಗೂ ಮುಂದ ಬಂದ್ರು. ಮಾರಿ ಬೆಳಗಾಗಿತ್ತು. ಕೈಕಾಲ ತೊಳಕೊಂಡು, ಚಹಾ ಕುಡದು, ಮಗ್ಗದ ಮನಿಗೆ ಹೋದ್ರು. ಕರೆಂಟ ಇತ್ತು, ಮಗ್ಗ ತಾವೇ ಬಂದ ಮಾಡಿದ್ರು. ನನ್ನ ಫೋನಿಗೆ ಬಂತು: “ಬಂದಿದ್ದಿಯಲ್ಲ, ನೋಡಿದೆ. ಹಸರ ಚೂಡಿದಾರ ಛಲೋ ಕಾಣತದ ನಿನಗ. ತಿರುಗಿ ನೋಡಲಿಲ್ಲ, ನಡೀತದವ್ವಾ. ಸೊರಗೀದಿ.”

ಯಾರ ಮಗಳೋ ತನ್ನ ಪಾಡಿಗೆ ತಾ ಬಸ್ ಹತ್ತಾಕ ಹೋದಾಕಿ. ಅಕೀ ಬೆನ್ನ ನೋಡಿ ನಿಮ್ಮಪ್ಪ ತೃಪ್ತಿಪಟ್ಟು ಬಂದಿದ್ರು. ಇನ್ನ ಒಂದಿನಾನೂ ತಡೀಬಾರದು ಅಂತ ಎದ್ದು ಮಗ್ಗದ ಮನಿಗೆ ಹೋಗಿ ಅವರ ಎದುರ ನಿಂತು ಫೋನ್ ಮುಂದ ಹಿಡದ್ನಿ. ನೀಲಿದಾರ ನಾನರೀ, ಅಂದ್ನಿ. ಮೊದಲಿಂದ ನಾನೇ. ನಾನೂ ನಿಮ್ಮನ್ನ ಅಕಿ ಅಂತ ತಿಳಕೊಂಡಿದ್ನಿ. ಅವರು ನನ್ನ ಮಾರಿ ನೋಡಿದ್ರು. ನಾ ಅವರ ಕಣ್ಣ ಮುಂದೇ ‘ನಾನು’ ಅಂತ ಒತ್ತಿ ಕಳಿಸಿದ್ನಿ. ಅವರ ಕೈಯಾಗಿನ ಫೋನ್ ಟಿಣ್ ಅಂತು. ನೋಡಿದ್ರು. ನನ್ನ ಮ್ಯಾಲೆ ಸಿಟ್ಟೂ ಆಗದ, ಮೆತ್ತಗ ಅಂದ್ರು: “ಫೋನ್ ನೀ ಹಿಡದಿರಬಹುದು. ಮಾತು ಅಕೀವ.” ಅಷ್ಟ ಅಂದು ಮಗ್ಗ ಹಚ್ಚಿದ್ರು. ಆ ಸಪ್ಪಳದಾಗ ನಾ ಏನ ಕೂಗಿದ್ರೂ ಕೇಳಸಂಗಿಲ್ಲ.

ಹುಚ್ಚ ಹಿಡದಿಲ್ಲವ್ವಾ ಅವರಿಗೆ. ಸಂತಿ ಮಾಡತಾರ, ಆಯಿಗೆ ಗುಳಿಗಿ ಕೊಡತಾರ, ನೇಯ್ಗಿಯೊಳಗ ಒಂದು ಎಳಿ ತಪ್ಪಂಗಿಲ್ಲ. ನನ್ನ ಜೋಡಿ ಮೊದಲಿಗಿಂತ ಹೆಚ್ಚ ಮಾತಾಡತಾರ. ಆದ್ರ ಕರೆಂಟ ಹೋತಂದ್ರ ಮತ್ತ ಆ ಹೆಸರಿಗೆ ಬರೀತಾರ, ನಾ ಎದುರಿಗೇ ಕುಂತಿದ್ರೂ. ಫೋನ್ ನನ್ನ ಮಡಲಾಗ ನಡಗತದ, ಅವರು ಅದರ ಕಡೆ ನೋಡಂಗಿಲ್ಲ. ಉತ್ತರಾ ಕೊಟ್ರೂ ಪಾಪ, ಕೊಡದಿದ್ರೂ ಪಾಪ ಅಂತ ನಾ ಒದ್ದಾಡಿ, ಮುಧೋಳಕ್ಕ ರಂಜನಾನ ಮನಿಗೆ ಎರಡನೇ ಸಲ ಹೋದ್ನಿ. ಬಸ್‌ಸ್ಟ್ಯಾಂಡಿನ ಸುದ್ದಿ ಹೇಳೂ ತನಕ ಅಕಿ ಗಟ್ಟಿ ಇದ್ದಳು. ಹೇಳಿದ ಮ್ಯಾಲೆ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡಳು. ನೀ ಅದಿ ಅಂದಳು. ಆರಾಮ ಅದಿ, ದವಾಖಾನಿ ಲ್ಯಾಬಿನ್ಯಾಗ ಕೆಲಸಾ ಮಾಡತಿ ಅಂದಳು. ಮೂರು ವರ್ಷದಾಗ ನಾ ಕೇಳಿದ ಮೊದಲನೇ ಹೊಸಾ ಸುದ್ದಿ ಅದು. ಅಕೀ ಅಂಗಳದಾಗ ಕುಂತು ಅತ್ನಿ, ನಕ್ನಿ, ಅಕೀ ಅತ್ತಿ ಏನ ತಿಳಕೊಂಡ್ರೋ.

ಮನಿಗೆ ಓಡಿ ಬಂದ್ನಿ. ನಿಮ್ಮಪ್ಪ ಕಟ್ಟಿ ಮ್ಯಾಲೆ ಕುಂತಿದ್ರು. ವಿಳಾಸ ಹೇಳಂಗಿಲ್ಲ ಅಂತ ಮಾತ ಕೊಟ್ಟಿದ್ನಿ, ಆದ್ರ ಜೀವ ಇರೂದನ್ನ ಹೇಳಬಾರದು ಅಂತ ಕೊಟ್ಟಿರಲಿಲ್ಲ. ಅವರ ಮುಂದ ಕುಂತು, ಕೈ ಹಿಡದು ಹೇಳಿದ್ನಿ: ಉಜ್ವಲಾ ಅದಾಳ್ರೀ. ಖರೇನ ಅದಾಳ. ಆರಾಮ ಅದಾಳ. ಅವರು ನನ್ನ ಕೈ ತಟ್ಟಿದ್ರು, ನನಗೇ ಸಮಾಧಾನಾ ಮಾಡಿದಂಗ. “ನನಗ ಗೊತ್ತದಲ್ಲ,” ಅಂದ್ರು. “ದಿನಾ ಮಾತಾಡತೇನಿ.”

ಇದನ್ನ ನಿನಗ ಹೇಳಬೇಕಾಗಿತ್ತು. ನೀ ಬಾ ಅಂತ ನಾ ಬರಿಯಂಗಿಲ್ಲ. ಬರೂದು ಬಿಡೂದು ನಿನ್ನ ಮನಸು. ಅಲ್ಲೇ ಇರಾಕ ಸುಖಾ ಅದ ಅಂದ್ರ ಅಲ್ಲೇ ಇರು, ಕೆಲಸಾ ಮಾಡು, ನಿನ್ನ ಕಾಲ ಮ್ಯಾಲೆ ನೀ ನಿಂತಿದ್ದು ಕೇಳಿ ನನಗ ಹೆಮ್ಮಿ ಅನಿಸ್ತು, ಅದನ್ನೂ ಹೇಳಿರತೇನಿ. ಊಟ ಹೊತ್ತಿಗೆ ಸರಿಯಾಗಿ ಮಾಡು. ಆಯಿ ಈಗ ಪಕ್ಕದಾಗೇ ಕುಂತು, ಯಾರಿಗೆ ಬರಿಯಾಕತ್ತಿ ಅಂತ ಕೇಳಿದ್ರು. ನಿನ್ನ ಹೆಸರ ಅವರ ಅಂಗೈ ಮ್ಯಾಲೆ ಬೆರಳಲೇ ಬರದು ತೋರಿಸಿದ್ನಿ. ಪಾಸಾಗಲಿ ಅಂತ ಹರಸ್ಯಾರ. ಅವರ ಹರಕಿ ಜೋಡಿ ನಂದೂ ತಗೋ. ಯಾವ ಊರಾಗ ಇದ್ರೂ ನಿನ್ನ ತಲಿ ತಂಪಿರಲಿ.

ನಿನ್ನ ಅವ್ವ,
ಯಲ್ಲವ್ವ

ಪಾಕೀಟ ಅಂಟಸೂ ಮೊದಲ ಇಷ್ಟು, ಟಪಾಲಿನ ಹೊತ್ತಾತು. ಇವತ್ತ ಮುಂಜಾನಿ ನಾ ಫೋನಿನ್ಯಾಗಿಂದ ಆ ಆ್ಯಪ್ ತಗದ ಹಾಕೇನಿ. ಇನ್ನ ನೀಲಿದಾರ ನಾ ಅಲ್ಲ. ಅದರ ಪಾಸ್‌ವರ್ಡ್ ಆಯಿ ಹೆಸರು, ಮುದಕವ್ವ, ಇಂಗ್ಲೀಷ್ ಸಣ್ಣ ಅಕ್ಷರದಾಗ, ಆಮೇಲೆ ನೀ ಹುಟ್ಟಿದ ವರ್ಷ. ನಿನ್ನೆ ಸಂಜಿಕ ನಿಮ್ಮಪ್ಪ ಮೊದಲನೇ ಸಲ, ಹೂಂ ಅಂದ್ರ ಮುಗಿಯದಂಥಾ ಒಂದು ಪ್ರಶ್ನಿ ಕೇಳ್ಯಾರ, ಯಾವ ಕೆಲಸಾ ಮಾಡತಿ ಅಂತ. ನನಗ ಉತ್ತರಾ ಗೊತ್ತಿತ್ತು. ಆದ್ರೂ ನಾ ಬರದಿಲ್ಲ. ಆ ಜಾಗಾ ಖಾಲಿ ಇಟ್ಟೇನಿ. ನೀ ಬರಿ.